ಸೂಜಿರಂಧ್ರ ಅಂದರೆ ಯಾವ ತೂತು?

ಗೆಳೆಯರೇ, ಒಂದು ಪದ ತಲೆ ತಿನ್ನುತ್ತಿದೆ.

ನಮ್ಮ ಕಡೆಯ ಶಾಲೆಯೊಂದರ ಮಕ್ಕಳು ಬಿಸ್ಕೆಟ್ ಡಬ್ಬಿ, ಚಪ್ಪಲಿ ರಟ್ಟುಗಳಲ್ಲಿ ಪಿನ್‌ಹೋಲ್ ಕ್ಯಾಮೆರಾ (ಮಸೂರದ ಬದಲು ಒಂದು ಸಣ್ಣ ತೂತಿನಿಂದಲೇ ಬೆಳಕು ಒಳಬಿಡುವ ಡಬ್ಬಿ) ಮಾಡಿ ಫೋಟೋ ತೆಗೆದಿದ್ದರು. ಅವನ್ನು ಗೋಡೆಗೆ ಹಾಕಿ ಪುಟ್ಟ ಪ್ರದರ್ಶನ ಮಾಡಿದೆವು. ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಾಠದ ಪುಸ್ತಕದ ಮಾತು ಹಿಡಿದು ‘ಸೂಜಿರಂಧ್ರ ಕ್ಯಾಮೆರಾ’ ಎಂದು ಬರೆದೆ. ನೋಡಲು ಬಂದ ಅಜ್ಜಿಯೊಬ್ಬರು ಓದಿ, “ದಾರ ಪೋಣಿಸೋ ತೂತಲ್ಲಿ ಫೋಟೋ ತೆಗೆದ್ರಾ?” ಅಂದರು.

ಅವರು ಕೇಳಿದ್ದು ಸರಿ ಅಲ್ವಾ? ಸೂಜಿರಂಧ್ರ ಸೂಜಿಯಲ್ಲಿರುವ ತೂತೂ ಆಗಬಹುದು, ಸೂಜಿ ಮಾಡಿದ ತೂತೂ ಆಗಬಹುದು. ಇಂಗ್ಲಿಷಿನಲ್ಲಿ ಈ ತಾಪತ್ರಯ ಇಲ್ಲ. ಪಿನ್ ಅಂದರೆ ಗುಂಡುಸೂಜಿ, ಅದಕ್ಕೆ ತೂತೇ ಇರುವುದಿಲ್ಲ!

ಮಕ್ಕಳು ಮಾತ್ರ ಈ ಪದವನ್ನು ಮುಟ್ಟಲೇ ಇಲ್ಲ. ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡಿಗೆ ಸೂಜಿಮೊನೆ ಒತ್ತಿ, ಹಿಂದೆ ಎದ್ದ ಉಬ್ಬನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದರು. ತೂತು ಅರ್ಧ ಮಿಲಿಮೀಟರಿಗಿಂತ ಚಿಕ್ಕದಿರಬೇಕು. “ಇವನ ಡಬ್ಬಿ ಕಣ್ಣು ದೊಡ್ಡದಾಯ್ತು, ಅದಕ್ಕೇ ಮಸುಕು” ಅಂದಳು ಒಬ್ಬಳು. ತೂತಿನ ಮೇಲೆ ಅಂಟಿಸುವ ಕಪ್ಪು ಟೇಪು ‘ರೆಪ್ಪೆ’ಯಂತೆ! ಒಂದು ಚಿತ್ರದಲ್ಲಿ ಗೇಟಿನ ಪಕ್ಕ ಹುಡುಗನ ಕಾಲು, ಅಂಗಿ ಎಲ್ಲ ಸ್ಪಷ್ಟವಾಗಿದೆ, ತಲೆಯೇ ಇಲ್ಲ. ರೆಪ್ಪೆ ತೆರೆದಿದ್ದ ಒಂದು ನಿಮಿಷವೂ ಅವನು ಆ ಕಡೆ ಈ ಕಡೆ ನೋಡುತ್ತಲೇ ಇದ್ದ.

ಕಣ್ಣು ಅನ್ನುವುದು ನಮಗೆ ಹೊಸತಲ್ಲ. ಜರಡಿಗೆ ಕಣ್ಣಿದೆ, ತೆಂಗಿನಕಾಯಿಗಿದೆ, ಸೇತುವೆಗೂ ಇದೆ. ಆದರೆ ‘ಸೂಜಿಗಣ್ಣು’ ಅಂದರೆ ಮತ್ತೆ ಅಜ್ಜಿಯ ದಾರಕ್ಕೇ ಬಂದು ನಿಲ್ಲುತ್ತೇವೆ. ‘ಕಿಂಡಿ’ ಅಂದರೆ ಕನಕನ ಕಿಂಡಿ ನೆನಪಾಗುತ್ತೆ, ಅಳತೆ ಜಾಸ್ತಿಯಾಯಿತು. ಸದ್ಯಕ್ಕೆ ನನಗೆ ಹಿಡಿಸಿರುವುದು ‘ಒಂಟಿಗಣ್ಣಿನ ಡಬ್ಬಿ’.

ಜೊತೆಗೆ ಇನ್ನೊಂದು ಅನುಮಾನ. ಹಂಪಿಯ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಸಣ್ಣ ತೂತಿನಿಂದ ರಾಜಗೋಪುರ ತಲೆಕೆಳಗಾಗಿ ಮೂಡುತ್ತದಲ್ಲ, ಅದನ್ನು ಎಲ್ಲರೂ ‘ಗೋಪುರದ ನೆರಳು’ ಅನ್ನುತ್ತಾರೆ. ಅದು ಬೆಳಕಿನಿಂದಾದ ಬಿಂಬ, ನೆರಳು ಹೇಗಾಯಿತು ಎಂದು ಮೊದಲು ಮೂಗು ಮುರಿದಿದ್ದೆ. ಆದರೆ ಛಾಯಾಚಿತ್ರದ ‘ಛಾಯೆ’ಯೂ ನೆರಳೇ ತಾನೆ? ತಮಿಳಿನಲ್ಲೂ ಫೋಟೋಗೆ ‘ನಿಳಲ್’ ಸೇರಿದ ಹೆಸರಿದೆ. ಹಾಗಿದ್ದರೆ ಈ ಮಕ್ಕಳ ಚಿತ್ರಗಳನ್ನು ಸುಮ್ನೆ ‘ನೆರಳುಚಿತ್ರ’ ಅಂದರೆ ತಪ್ಪೇ? ತೊಗಲುಗೊಂಬೆಯಾಟದವರ ನೆರಳಿಗೂ ಇದಕ್ಕೂ ಕಲಸುಮೇಲೋಗರ ಆಗುತ್ತದೆಯೇ?

ನಿಮ್ಮ ಕಡೆ ಸೂಜಿ, ಮುಳ್ಳು ಚುಚ್ಚಿ ಆದ ತೂತಿಗೆ ಬೇರೆ ಹೆಸರಿದ್ದರೆ ತಿಳಿಸಿ. ಬಳಸುವ ವಾಕ್ಯವನ್ನೂ ಬರೆದರೆ ಒಳ್ಳೆಯದು. ಚೀಟಿ ಇನ್ನೂ ಪೆನ್ಸಿಲಿನಲ್ಲೇ ಇದೆ.