ಬೇಡ ಅನ್ನೋರು ತೊಂಬತ್ತು ಜನ ಇದ್ದಾರಾ?

"ಅಲ್ಲಯ್ಯಾ, ಡೆನ್ಮಾರ್ಕ್ ಸಂಸತ್ತಿನ 179 ಸೀಟಿನಲ್ಲಿ ಬಹುಮತ ಅಂದ್ರೆ 90. ಅಷ್ಟಿಲ್ಲದವರು ಸರ್ಕಾರ ಹೇಗೆ ಮಾಡ್ತಾರೆ?" ರಂಗಣ್ಣ ಪೇಪರಿನ ಅಂಚಿನಲ್ಲಿ ಲೆಕ್ಕ ಬರೆದೇಬಿಟ್ಟರು. ಖಜಾನೆ ಇಲಾಖೆಯಲ್ಲಿ ಸವೆದ ಕೈ. ಕೂಡಿದ್ದು ತಾಳೆಯಾಗದಿದ್ದರೆ ಅವರಿಗೆ ಕಾಫಿ ಇಳಿಯುವುದಿಲ್ಲ.

ಕೋಪನ್‌ಹೇಗನ್‌ನಿಂದ ರಜೆಗೆ ಬಂದಿದ್ದ ಸೀನ ನಿಧಾನವಾಗಿ ವಡೆ ಮುರಿದ. "ರಂಗಣ್ಣ, ಡೆನ್ಮಾರ್ಕಿನಲ್ಲಿ 'ನಿಮ್ಮ ಕಡೆ ತೊಂಬತ್ತು ಜನ ಇದ್ದಾರಾ' ಅಂತ ಕೇಳಲ್ಲ. 'ಬೇಡ ಅನ್ನೋರು ತೊಂಬತ್ತು ಜನ ಇದ್ದಾರಾ' ಅಂತ ಕೇಳ್ತಾರೆ. ಇಲ್ವಾ, ನಡೀಲಿ ಸರ್ಕಾರ. ಮೊದಲೇ ವಿಶ್ವಾಸಮತ ಸಾಬೀತು ಮಾಡೋ ಗೊಡವೆಯೇ ಇಲ್ಲ."

"ಹಾಗಾದ್ರೆ ರೆಸಾರ್ಟು?" ವಿಶ್ವ ಗಾಬರಿಯಾದ.

"ಯಾಕೋ ರೆಸಾರ್ಟು? ಬಹುತೇಕ ಸರ್ಕಾರಗಳೇ ಅಲ್ಪಮತದವು. ನೂರಕ್ಕೆ ಎರಡು ಮತ ಬಂದ್ರೆ ಪಕ್ಷ ಸಂಸತ್ತಿನೊಳಗೆ. 2022ರಲ್ಲಿ ಹನ್ನೆರಡು ಪಕ್ಷ ಗೆದ್ದು ಬಂದ್ವು. ಒಂದೇ ಪಕ್ಷಕ್ಕೆ ಬಹುಮತ ಬಂದು ನೂರು ವರ್ಷದ ಮೇಲಾಯ್ತು."

ವಿಶ್ವನ ಮುಖ ಬಾಡಿತು. ರೆಸಾರ್ಟಿಲ್ಲದ ಸಮ್ಮಿಶ್ರ ಸರ್ಕಾರ ಅವನ ಪಾಲಿಗೆ ಒಗ್ಗರಣೆ ಕಾಣದ ಸಾರು.

"ಮತ್ತೆ ಬಜೆಟ್ಟು, ಮಸೂದೆ?" ನಾನು ಕೇಳಿದೆ.

"ವಿರೋಧ ಪಕ್ಷದವರನ್ನೇ ಕೂರಿಸ್ಕೊಂಡು ಒಪ್ಪಂದ ಬರೀತಾರೆ. ಸಹಿ ಹಾಕಿದವರಿಗೆಲ್ಲ ಅದರ ಮೇಲೆ ಹಕ್ಕು. ನಾಳೆ ಸರ್ಕಾರ ಬದಲಾದ್ರೂ, ಅವರನ್ನ ಕೇಳದೆ ಒಂದು ಸಾಲೂ ತಿದ್ದೋ ಹಾಗಿಲ್ಲ."

"ಅಂದ್ರೆ ಹಿಂದಿನವರು ಮಾಡಿದ್ದನ್ನ ಮುಂದಿನವರು ಕಿತ್ತುಹಾಕಲ್ವಾ?" ರಂಗಣ್ಣ ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಹೊಸ ಸರ್ಕಾರಕ್ಕೆ ಮೊದಲ ಆರು ತಿಂಗಳು ಕೆಲಸ ಏನು?"

ಉತ್ತರ ಸೀನನಿಗೂ ಗೊತ್ತಿರಲಿಲ್ಲ. ಮಾತು ಮಿಂಕಿನ ಕಡೆ ತಿರುಗಿಸಿದ. ಮಿಂಕ್ ಅಂದರೆ ತುಪ್ಪಳಕ್ಕಾಗಿ ಸಾಕುವ, ಮುಂಗುಸಿಯ ಗಾತ್ರದ ಪ್ರಾಣಿ. 2020ರಲ್ಲಿ ಕೊರೊನಾ ಭಯಕ್ಕೆ ಪ್ರಧಾನಿ ಮೆಟೆ ಫ್ರೆಡರಿಕ್ಸನ್ ಸರ್ಕಾರ ದೇಶದ ಮಿಂಕುಗಳನ್ನೆಲ್ಲ ಕೊಲ್ಲಿಸಿತು, ಒಂದೂವರೆ ಕೋಟಿಗೂ ಹೆಚ್ಚು. ಆಮೇಲೆ ನೋಡಿದರೆ ಹಾಗೆ ಆದೇಶಿಸಲು ಕಾನೂನೇ ಇರಲಿಲ್ಲ! ಹೊರಗಿನಿಂದ ಬೆಂಬಲ ಕೊಟ್ಟಿದ್ದ ಪುಟ್ಟ ಪಕ್ಷವೊಂದು "ಚುನಾವಣೆ ಕರೀತೀರೋ, ಅವಿಶ್ವಾಸ ತರೋಣವೋ" ಅಂತ ಗಡುವು ಕೊಟ್ಟಿತು. 2022ರ ನವೆಂಬರ್ 1ಕ್ಕೆ ಚುನಾವಣೆ.

"ಮಿಂಕಿಗಾಗಿ ಸರ್ಕಾರವಾ!" ಅಂದ ವಿಶ್ವ. ಸ್ವಲ್ಪ ಚೇತರಿಸಿಕೊಂಡಿದ್ದ.

"ಕೇಳು. ಎಡಪಾಳಯಕ್ಕೆ ಬಂದಿದ್ದು ಸರಿಯಾಗಿ 90."

"ಮುಗೀತಲ್ಲ!" ಎಂದರು ರಂಗಣ್ಣ, ಖುಷಿಯಿಂದ ಗೀಟು ಹಾಕುತ್ತಾ.

"ಎಲ್ಲಿ ಮುಗೀತು? ಆಯಮ್ಮ ಆ ತೊಂಬತ್ತನ್ನ ಪಕ್ಕಕ್ಕಿಟ್ಟು, ಎದುರು ಪಾಳಯದ ಪ್ರಧಾನಿ ಅಭ್ಯರ್ಥಿಯನ್ನೇ ಕರೆದು, ನಡುವೆ ನಿಂತಿದ್ದ ಲಾರ್ಸ್ ಲೊಕ್ಕೆ ರಾಸ್ಮುಸೆನ್‌ನನ್ನೂ ಸೇರಿಸ್ಕೊಂಡ್ರು. ಆರು ವಾರ ಮಾತುಕತೆ. ಮೂರೂ ಪಕ್ಷ ಕೂಡಿದ್ರೆ ಎಷ್ಟು ಗೊತ್ತಾ? 50, 23, 16."

ರಂಗಣ್ಣ ಕೂಡಿದರು. ಇನ್ನೊಮ್ಮೆ ಕೂಡಿದರು. "89! ಒಂದು ಕಡಿಮೆ! ತೊಂಬತ್ತು ಕೈಲಿಟ್ಕೊಂಡು ಎಂಬತ್ತೊಂಬತ್ತಕ್ಕೆ ಹೋದ್ರಾ?"

"ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್, ಫ್ಯಾರೋ ದ್ವೀಪಗಳಿಗೆ ಎರಡೆರಡು ಸೀಟಿವೆ. ಅಲ್ಲಿಂದ ಬೆಂಬಲ ಬಂತು, ಗಡಿ ದಾಟಿತು."

ಆ ರಾಸ್ಮುಸೆನ್ ಕಥೆಯೂ ಸ್ವಾರಸ್ಯ. ಎರಡು ಸಲ ಪ್ರಧಾನಿಯಾಗಿದ್ದವರು, ಸ್ವಂತ ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟಿ, ಆ ಸರ್ಕಾರದಲ್ಲಿ ಹಳೇ ಪಕ್ಷದವರ ಪಕ್ಕದಲ್ಲೇ ವಿದೇಶಾಂಗ ಮಂತ್ರಿಯಾದರು. 1993ರಿಂದ 2011ರವರೆಗೆ ಸಾಲಾಗಿ ಮೂವರು ಪ್ರಧಾನಿಗಳು ರಾಸ್ಮುಸೆನ್: ಪೌಲ್, ಆಂಡರ್ಸ್, ಲಾರ್ಸ್. "ವಂಶಾಡಳಿತ!" ಅಂತ ವಿಶ್ವ ಮೇಜು ಗುದ್ದಿದ. "ಮೂವರೂ ಸಂಬಂಧಿಕರಲ್ಲ ಕಣೋ" ಅಂದ ಸೀನ. ಪಾಪ, ವಿಶ್ವನಿಗೆ ಆ ದೇಶ ಯಾವ ಕಡೆಯಿಂದಲೂ ಕೈಗೆ ಸಿಗುತ್ತಿಲ್ಲ.

"ಇಷ್ಟು ಗಟ್ಟಿ ಸರ್ಕಾರ ಬಂದು ಮೊದಲು ಮಾಡಿದ್ದೇನು?" ನಾನು ಕೇಳಿದೆ.

"ಈಸ್ಟರ್ ಆದ ಮೇಲೆ ಶುಕ್ರವಾರವೊಂದು ಪ್ರಾರ್ಥನಾ ದಿನ ಅಂತ ರಜೆ ಇತ್ತು, 1686ರಿಂದ. ರಕ್ಷಣಾ ವೆಚ್ಚಕ್ಕೆ ದುಡ್ಡು ಬೇಕು ಅಂತ 2023ರಲ್ಲಿ ರದ್ದು ಮಾಡಿದ್ರು."

ಲೋಟ ಠಕ್ಕೆಂದು ಮೇಜಿಗೆ ಬಿತ್ತು. ಅಲ್ಪಮತವನ್ನೂ ಮಿಂಕನ್ನೂ ಸಹಿಸಿಕೊಂಡಿದ್ದ ರಂಗಣ್ಣ ಈಗ ಎದ್ದೇ ನಿಂತರು. "ಸರ್ಕಾರಿ ರಜೆ ರದ್ದಾ? ಸರ್ಕಾರ ಬೀಳಲಿಲ್ವಾ?"

"ಸಾವಿರಾರು ಜನ ಬೀದಿಗಿಳಿದ್ರು. ಆದ್ರೆ ಬಹುಮತ ಇತ್ತಲ್ಲ."

"ನೋಡಿದ್ರಾ! ಅದಕ್ಕೇ ಬಹುಮತ ಕೊಡಬಾರದು!" ಅರ್ಧ ಗಂಟೆ ತೊಂಬತ್ತಕ್ಕಾಗಿ ಹೋರಾಡಿದ ಮನುಷ್ಯ ಇವರೇ.

ಅವರನ್ನು ತಣ್ಣಗಾಗಿಸಲು ಸೀನ ಯಾಕೋಬ್ ಹೌಗೋರ್ ಕಥೆ ತೆಗೆದ. ಹಾಸ್ಯಗಾರ, 1994ರಲ್ಲಿ ಆರ್ಹುಸ್‌ನಿಂದ ಪಕ್ಷೇತರನಾಗಿ ನಿಂತವನು. ಸೈಕಲ್ ಹಾದಿಯಲ್ಲೆಲ್ಲ ಗಾಳಿ ಬೆನ್ನಹಿಂದಿನಿಂದಲೇ ಬೀಸುವಂತೆ ಮಾಡ್ತೀನಿ ಅಂತ ಅವನ ಆಶ್ವಾಸನೆ. ತಮಾಷೆಗೆ ನಿಂತವನನ್ನು ಜನ ತಮಾಷೆಗೇ ಗೆಲ್ಲಿಸಿಬಿಟ್ಟರು. ಮತಗಳ ಲೆಕ್ಕದಲ್ಲಿ ಸರ್ಕಾರ ಕೊಟ್ಟ ಅನುದಾನದಲ್ಲಿ ಮತದಾರರಿಗೆ ಬಿಯರು, ಸಾಸೇಜು ಹಂಚಿದ.

"ಕದ್ದುಮುಚ್ಚಿಯಾ?" ವಿಶ್ವ ಪಿಸುಗುಟ್ಟಿದ.

"ಪಾರ್ಕಿನಲ್ಲಿ, ಎಲ್ಲರೆದುರು."

"ಅಬ್ಬಾ," ಎಂದರು ರಂಗಣ್ಣ, ಮತ್ತೆ ಕೂರುತ್ತಾ, "ಆಡಿಟ್‌ನವರು ಏನೂ ಅನ್ನಲಿಲ್ವಾ?"