ಸೈನ್ಯದಿಂದ ಬಂದು ರಾಯಚೂರಿನಲ್ಲಿ ಫಿಟ್‌ನೆಸ್ ಕೋಚ್ ಆಗೋದು ಹೇಗೆ?

ಸಿಂಧನೂರು ಫೌಜಿ:
ಎಲ್ಲರಿಗೂ ನಮಸ್ಕಾರ. ಹವಾಲ್ದಾರ್, ನಿವೃತ್ತಿಗೆ ಇನ್ನೂ ಹತ್ತು ತಿಂಗಳಿದೆ. ಸೈನ್ಯದ ಪಿಟಿ ಕೋರ್ಸ್ ಆಗಿದೆ. ರಾಯಚೂರಿನಲ್ಲಿ ಬೆಳಿಗ್ಗೆ ಪೊಲೀಸ್ ಭರ್ತಿಗೆ ಹೋಗುವ ಹುಡುಗರ ಬ್ಯಾಚ್, ಸಂಜೆ ಜಿಮ್ ಟ್ರೇನರ್ ಕೆಲಸ ಅನ್ನೋ ಯೋಚನೆ. ಪಿಟಿ ಕೋರ್ಸ್ ಸರ್ಟಿಫಿಕೇಟ್ ಹೊರಗೆ ಸಾಕಾಗುತ್ತಾ? 1,600 ಮೀಟರಿಗೆ ಏಳೂವರೆ ನಿಮಿಷ ತಗೊಳ್ಳೋ ಹುಡುಗನಿಗೆ ಎಷ್ಟು ವಾರ ಬೇಕು?

ಕೋಟೆ ಕೆಳಗಿನವ:
ಸರ್, ಜಿಮ್‌ನವರು ಅದನ್ನ ಅನುಭವ ಅಂತ ನೋಡ್ತಾರೆ, ಅರ್ಹತೆ ಅಂತ ಅಲ್ಲ. ಸೇವೆಯಲ್ಲಿ ಇರುವಾಗಲೇ ಡಿಜಿಆರ್‌ನ (ನಿವೃತ್ತ ಸೈನಿಕರಿಗೆ ಹೊರಗೆ ನೆಲೆ ಕಲ್ಪಿಸುವ ರಕ್ಷಣಾ ಇಲಾಖೆಯ ನಿರ್ದೇಶನಾಲಯ) ಪುನರ್ವಸತಿ ಕೋರ್ಸ್‌ಗೆ ಯೂನಿಟ್ ಮೂಲಕ ಅರ್ಜಿ ಹಾಕಿ. ಆ ಪಟ್ಟಿಯಲ್ಲಿ ಫಿಟ್‌ನೆಸ್ ಕೋರ್ಸ್ ಸಿಗದಿದ್ದರೆ, ಕ್ರೀಡೆ-ಫಿಟ್‌ನೆಸ್ ಕೌಶಲ ಮಂಡಳಿಯ ಫಿಟ್‌ನೆಸ್ ಟ್ರೇನರ್ ಪರೀಕ್ಷೆ ಬರೆಯಿರಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಕೋರ್ಸ್ ಒಂದೊಂದು ಆಟದ ಕೋಚಿಂಗ್‌ಗೆ ಇರೋದು, ಜಿಮ್ ಕೆಲಸಕ್ಕೆ ನೇರ ಉಪಯೋಗ ಕಡಿಮೆ. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತುವ ಪ್ರಥಮ ಚಿಕಿತ್ಸೆ) ಮಾತ್ರ ಗೊಂಬೆ ಮೇಲೆ ಕೈಯಿಟ್ಟು ಕಲೀರಿ. ವಿಡಿಯೋ ನೋಡಿ ಬರಲ್ಲ.

ಗರಸು ಟ್ರ್ಯಾಕ್:
ಓಟದ ಲೆಕ್ಕ ಹೇಳ್ತೀನ್ರಿ. ಪೊಲೀಸ್ ಕಾನ್‌ಸ್ಟೇಬಲ್‌ಗೆ ಗಂಡುಮಕ್ಕಳದು 6 ನಿಮಿಷ 30 ಸೆಕೆಂಡ್, ಅಂದ್ರ 400 ಮೀಟರಿನ ಸುತ್ತಿಗೆ 97.5 ಸೆಕೆಂಡ್. ನಿಮ್ಮ ಹುಡುಗ ಈಗ 112.5ರಾಗ ಅದಾನ. ಹತ್ತು-ಹನ್ನೆರಡು ವಾರ ಹಿಡೀರಿ.

ಮೊದಲ ಮೂರು ವಾರ ವಾರಕ್ಕ ನಾಲ್ಕು ದಿನ, ಮಾತಾಡಿಕೋತ ಓಡುವಷ್ಟು ನಿಧಾನ, 20ರಿಂದ 30 ನಿಮಿಷ. ಆಮೇಲೆ ವಾರಕ್ಕೊಮ್ಮೆ 400 ಮೀಟರ್ ಆರು ಸಲ, ಒಂದೊಂದು 96 ಸೆಕೆಂಡಿಗೆ, ನಡುವ ಎರಡು ನಿಮಿಷ ನಡಿಗಿ. ಇನ್ನೊಂದು ದಿನ 800 ಮೂರು ಸಲ. ಉಳಿದದ್ದು ನಿಧಾನ ಓಟ. ದಿನಾ 1,600 ಓಡಿಸಿ ಟೈಮ್ ನೋಡೋದು ದೊಡ್ಡ ತಪ್ಪು: ಕಾಲು ದಣಿದಿರ್ತಾವ, ಟೈಮ್ ಇಳಿಯಂಗಿಲ್ಲ. ಮತ್ತ, ಮೊದಲ ಸುತ್ತು 80ಕ್ಕ ಹಾರಿದವ ಮೂರನೇ ಸುತ್ತಿಗೆ ಕುಂತುಬಿಡ್ತಾನ.

ಗುಂಡು ಎಸೆತ ಮರೀಬ್ಯಾಡ್ರಿ. 7.26 ಕೆಜಿ, 5.60 ಮೀಟರ್ ದಾಟಬೇಕು. ಕ್ರಿಕೆಟ್ ಚೆಂಡಿನಂಗ ಎಸೆದ್ರ ಭುಜ ಹೋಗ್ತದ, ಫೌಲೂ ಆಗ್ತದ. ಗುಂಡು ಕುತ್ತಿಗಿಗೆ ಹತ್ತಿರಬೇಕು, ತಳ್ಳು ಕಾಲಿಂದ ಬರಬೇಕು.

ಸಂಜೆ ಬ್ಯಾಚ್:
ಮೇಲಿನವರು ಬಿಟ್ಟ ವಿಷಯ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. 5.15ಕ್ಕೆ ಶುರು, 7ರೊಳಗೆ ಮುಗಿಸಿ. ಹೊಸಬರನ್ನು ಬಿಸಿಲಿಗೆ ಒಗ್ಗಿಸೋಕೆ ಎರಡು ವಾರ ಕೊಡಿ. ಯಾರಾದರೂ ತೂರಾಡಿ, ಏನೇನೋ ಮಾತಾಡಿದರೆ ಹೀಟ್ ಸ್ಟ್ರೋಕ್ ಅಂತಲೇ ತಿಳೀರಿ: 108ಕ್ಕೆ ಕರೆ ಮಾಡಿ, ಗಾಡಿ ಬರೋವರೆಗೆ ನೆರಳಿಗೆ ತಂದು ಮೈಯೆಲ್ಲ ತಣ್ಣೀರು ಸುರೀರಿ.

ಶಿಕ್ಷೆ ಅಂತ ನೂರಾರು ಕಪ್ಪೆಜಿಗಿತ ಹಾಕಿಸೋ ರೂಢಿ ಕ್ಯಾಂಪಲ್ಲೇ ಬಿಟ್ಟು ಬನ್ನಿ. ಸ್ನಾಯು ಒಡೆದು ಅದರ ಅಂಶ ರಕ್ತ ಸೇರಿದರೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಕಿಡ್ನಿಗೇ ಏಟು.

ಜಿಮ್‌ಗೆ ಬರೋರು ಬೇರೆ ಜನ. ಬಿಪಿ, ಶುಗರ್, ಎದೆನೋವು, ಮಾತ್ರೆ ವಿವರ ಮೊದಲ ದಿನವೇ ಬರೆಸಿಕೊಳ್ಳಿ. ಬಿಪಿ ಇರೋರು ಉಸಿರು ಕಟ್ಟಿ ಭಾರ ಎತ್ತಬಾರದು. ಇನ್ಸುಲಿನ್ ತಗೊಳ್ಳೋರಿಗಾಗಿ ಗ್ಲೂಕೋಸ್ ಕೈಗೆ ಸಿಗುವ ಕಡೆ ಇರಲಿ.

ಸಿಂಧನೂರು ಫೌಜಿ:
ಬಹಳ ಉಪಕಾರ ಆಯ್ತು. ಕಣಕಾಲಿನ ಎಲುಬು ನೋವು ಅಂದವನನ್ನ ಓಡಿಸಬಹುದಾ?

ಗರಸು ಟ್ರ್ಯಾಕ್:
ಎಲುಬಿನ ಉದ್ದಕ್ಕ ನೋವಿದ್ರ ಡಾಂಬರು ಬಿಡಿಸಿ ಗರಸಿನ ಮೈದಾನಕ್ಕ ತರ್ರಿ, ಓಟ ಅರ್ಧ ಮಾಡ್ರಿ. ಒಣಗಿ ಬಿರುಕು ಬಿಟ್ಟ ಎರೆಹೊಲ ಬ್ಯಾಡ, ಕಾಲು ಉಳುಕ್ತದ. ಒಂದೇ ಜಾಗದಾಗ ಬೆರಳಿಟ್ರ ಚುಚ್ಚಿದಂಗ ನೋವಾದ್ರ ಎಲುಬಿನ ಬಿರುಕು ಇರಬಹುದು. ಓಟ ಪೂರಾ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸ್ರಿ. ಶುರುವಿನ ವಾರದಾಗ ಎಕ್ಸ್‌ರೇದಾಗ ಅದು ಕಾಣಲಿಕ್ಕಿಲ್ಲ ಅನ್ನೋದು ನೆನಪಿರಲಿ.