ಡಯಟಿಶಿಯನ್ ಅಂತ ಹೇಳಿಕೊಳ್ಳುವ ಹಕ್ಕು ಯಾರಿಗಿದೆ? ಪರೀಕ್ಷಿಸುವುದು ಹೇಗೆ?

ಹಸಿರುಗರಿ (ಪ್ರಶ್ನೆ):
ನಮ್ಮ ಅಪ್ಪನಿಗೆ ಕಿಡ್ನಿ ತೊಂದರೆ ಇದೆ. ಡಯಾಲಿಸಿಸ್ ಹಂತಕ್ಕೆ ಇನ್ನೂ ಬಂದಿಲ್ಲ. ಬಿಪಿಗೂ ಶುಗರ್‌ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಪರಿಚಯದವರು ಹೇಳಿದರು ಅಂತ ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಡಯಟ್ ಚಾರ್ಟ್ ಮಾಡಿಸಿದೆವು. ಅವರು ಬ್ಲಡ್ ರಿಪೋರ್ಟ್ ಕೇಳಲಿಲ್ಲ. ಯಾವ ಮಾತ್ರೆ ಅಂತಲೂ ಕೇಳಲಿಲ್ಲ. ಸೋಡಿಯಂ ಕಡಿಮೆ ಇರುವ ಉಪ್ಪು ಬಳಸಿ ಅಂದರು, ಜೊತೆಗೆ ತಾವೇ ಮಾರುವ ಒಂದು ಪುಡಿಯನ್ನೂ ಕೊಳ್ಳಲು ಹೇಳಿದರು. ಚಾರ್ಟ್ ನೋಡಿದ ಡಾಕ್ಟರ್, ಆ ಉಪ್ಪನ್ನು ಇವತ್ತೇ ನಿಲ್ಲಿಸಿ ಅಂದರು.

ಆ ವ್ಯಕ್ತಿಯ ಹೆಸರಿನ ಕೆಳಗೆ ಡಯಟಿಶಿಯನ್ ಅಂತಲೇ ಇತ್ತು. ವಿಚಾರಿಸಿದರೆ ಕೆಲವೇ ವಾರಗಳ ಆನ್‌ಲೈನ್ ಕೋರ್ಸ್ ಮಾಡಿದ್ದಾರಂತೆ. ಇದಕ್ಕೆ ಕಾನೂನು ಅಂತ ಏನೂ ಇಲ್ವಾ? ನಮ್ಮಂಥವರು ಪರೀಕ್ಷಿಸುವುದು ಹೇಗೆ?

ವಾರ್ಡ್ ರೌಂಡ್ಸ್:
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಯಟಿಶಿಯನ್. ನಾನು ದಿನಾ ನೋಡುವವರಲ್ಲಿ ಕಿಡ್ನಿ ರೋಗಿಗಳೇ ಜಾಸ್ತಿ. ನೀವು ಬರೆದದ್ದನ್ನು ಓದಿ ಸಂಕಟವಾಯಿತು, ಸಿಟ್ಟೂ ಬಂತು.

ಮೊದಲು ಉಪ್ಪಿನ ವಿಷಯ ಹೇಳುತ್ತೇನೆ, ಯಾಕಂದರೆ ಕಾನೂನು ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಸೋಡಿಯಂ ಕಡಿಮೆ ಮಾಡಿದ ಉಪ್ಪಿಗೆ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ಹೆಚ್ಚಾದ ಪೊಟ್ಯಾಶಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಸೋತಿದ್ದರೆ ರಕ್ತದಲ್ಲೇ ಉಳಿಯುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆಗಳು ಅದನ್ನು ಇನ್ನಷ್ಟು ಏರಿಸಬಹುದು. ತೀರಾ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪಿನ ಪರವಾಗಿ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರಿಗೆ ಅದು ಅನ್ವಯಿಸುವುದಿಲ್ಲ ಅಂತ ಹೇಳಿದೆ. ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರ ಜೀವಕ್ಕೇ ಕುತ್ತು ತರಬಹುದು. ರಿಪೋರ್ಟ್ ಮತ್ತು ಮಾತ್ರೆಗಳ ಪಟ್ಟಿ ನೋಡದೆ ಚಾರ್ಟ್ ಬರೆಯಬಾರದು ಅನ್ನುವುದು ಅದಕ್ಕೇ.

ಈಗ ಕಾನೂನು. ದೇಶದಿಂದ ದೇಶಕ್ಕೆ ಬೇರೆ ಬೇರೆ. ಬ್ರಿಟನ್ನಿನಲ್ಲಿ ಆರೋಗ್ಯ ವೃತ್ತಿಪರರ ನೋಂದಣಿ ಮಾಡುವ ಎಚ್‌ಸಿಪಿಸಿ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿಲ್ಲದೆ ಡಯಟಿಶಿಯನ್ ಅಂತ ಹೇಳಿಕೊಂಡು ಜನರನ್ನು ನಂಬಿಸಿದರೆ ಅದು ಅಪರಾಧ. ಆ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಎರಡು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಶೇ 2.5ರಷ್ಟು ಜನರನ್ನು ಆರಿಸಿ, ಹೊಸದಾಗಿ ಏನು ಕಲಿತಿರಿ, ದಾಖಲೆ ತೋರಿಸಿ ಅನ್ನುತ್ತಾರೆ. ಆದರೆ ಅಲ್ಲೂ ಕಾನೂನು ಕಾಯುವುದು ಡಯಟಿಶಿಯನ್ ಅನ್ನುವ ಹೆಸರನ್ನು. ಅದೇ ಸಲಹೆಯನ್ನು ನ್ಯೂಟ್ರಿಷನಿಸ್ಟ್ ಅಂತ ಬೋರ್ಡ್ ಹಾಕಿಕೊಂಡು ಕೊಟ್ಟರೆ ಎಚ್‌ಸಿಪಿಸಿ ತಡೆಯಲಾರದು.

ಅಮೆರಿಕದಲ್ಲಿ ರಾಷ್ಟ್ರ ಮಟ್ಟದ ನೋಂದಣಿ ಪರೀಕ್ಷೆ ಇದೆ. 2024ರ ಜನವರಿ 1ರಿಂದ ಅದನ್ನು ಬರೆಯಲು ಸ್ನಾತಕೋತ್ತರ ಪದವಿ ಬೇಕು. ಪಾಸಾದ ಮೇಲೂ ಐದು ವರ್ಷಕ್ಕೊಮ್ಮೆ 75 ಯೂನಿಟ್‌ಗಳಷ್ಟು ಹೊಸ ಕಲಿಕೆ ತೋರಿಸಬೇಕು. ಪರವಾನಗಿ ಮಾತ್ರ ಆಯಾ ರಾಜ್ಯದ ಕೈಯಲ್ಲಿದೆ, ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಆಸ್ಟ್ರೇಲಿಯಾದಲ್ಲಿ ಸರ್ಕಾರದ ನೋಂದಣಿಯೇ ಇಲ್ಲ. ವೃತ್ತಿ ಸಂಘವೇ ಮಾನ್ಯತೆ ಕೊಡುತ್ತದೆ.

ಭಾರತದಲ್ಲಿ 2021ರಲ್ಲಿ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಡಯಟಿಶಿಯನ್ನರು ಅದರ ಪಟ್ಟಿಯಲ್ಲಿದ್ದಾರೆ. ಆರೋಗ್ಯ ವೃತ್ತಿಪರರು ಅನ್ನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಓದು ಬೇಕು ಅಂತ ಕಾಯ್ದೆ ಹೇಳುತ್ತದೆ. ಕೆಲವು ವಾರಗಳ ಕೋರ್ಸ್ ಎಲ್ಲಿ, ಇದೆಲ್ಲಿ! ಆದರೆ ಪುಸ್ತಕದಲ್ಲಿ ಕಾಯ್ದೆ ಇದ್ದರೆ ಸಾಲದು. ರಾಜ್ಯ ಕೌನ್ಸಿಲ್‌ಗಳು ಕೆಲಸ ಮಾಡಬೇಕು, ಹೆಸರುಗಳು ರಿಜಿಸ್ಟರಿಗೆ ಬರಬೇಕು. ಅದು ಎಲ್ಲ ಕಡೆ ಒಂದೇ ವೇಗದಲ್ಲಿ ಆಗಿಲ್ಲ. ಇದಕ್ಕೂ ಮೊದಲಿನಿಂದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಆರ್‌ಡಿ (ರಿಜಿಸ್ಟರ್ಡ್ ಡಯಟಿಶಿಯನ್) ಪರೀಕ್ಷೆ ನಡೆಸುತ್ತಿದೆ. ಅದು ಸಂಘ ಕೊಡುವ ಮಾನ್ಯತೆ, ಸರ್ಕಾರದ ಪರವಾನಗಿ ಅಲ್ಲ. ಆದರೂ ಆರ್‌ಡಿ ಇದ್ದವರು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಪರೀಕ್ಷೆ ಪಾಸಾಗಿ ಬಂದವರು ಅನ್ನುವ ಭರವಸೆ ಸಿಗುತ್ತದೆ.

ಕಾಳುಕಡ್ಡಿ:
ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಒಂದು ಮಾತು. ನಾನು ನ್ಯೂಟ್ರಿಷನಿಸ್ಟ್. ಎಂಎಸ್ಸಿ ಮಾಡಿ, ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿದ್ದೇನೆ. ರೋಗಿಗಳಿಗೆ ಚಾರ್ಟ್ ಬರೆಯುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ. ನ್ಯೂಟ್ರಿಷನಿಸ್ಟ್ ಅಂದ ಕೂಡಲೇ ನಕಲಿ ಅಂತ ಜನ ತಿಳಿದುಕೊಂಡರೆ ನಮಗೆ ಬೇಸರವಾಗುತ್ತದೆ. ಭಾರತದ ಅದೇ ಕಾಯ್ದೆಯಲ್ಲಿ ನ್ಯೂಟ್ರಿಷನಿಸ್ಟ್ ಕೂಡ ಇದೆ. ಬ್ರಿಟನ್ನಿನಲ್ಲೂ ನಮ್ಮವರಿಗೆ ಸ್ವಯಂಪ್ರೇರಿತ ರಿಜಿಸ್ಟರ್ ಇದೆ.

ವಾರ್ಡ್ ರೌಂಡ್ಸ್:
ಒಪ್ಪುತ್ತೇನೆ. ನಿಮ್ಮ ಎಲ್ಲೆ ನಿಮಗೆ ಗೊತ್ತಿದೆ, ರೋಗಿಗೆ ಚಾರ್ಟ್ ಬರೆಯುವುದಿಲ್ಲ ಅಂತ ನೀವೇ ಹೇಳಿದಿರಿ. ವೃತ್ತಿ ಧರ್ಮ ಅಂದರೆ ಅದೇ ಅಲ್ವಾ? ನನ್ನ ಜಗಳ ಎಲ್ಲೆಯೇ ಇಲ್ಲದವರ ಜೊತೆ.

ಹಸಿರುಗರಿ:
ಇಬ್ಬರಿಗೂ ಧನ್ಯವಾದ. ಪೊಟ್ಯಾಶಿಯಂ ಟೆಸ್ಟ್ ಮಾಡಿಸಿದೆವು, ಡಾಕ್ಟರ್ ನೋಡುತ್ತಿದ್ದಾರೆ. ಮುಂದೆ ಯಾರ ಹತ್ತಿರ ಹೋದರೂ ಏನು ಕೇಳಬೇಕು? ಈ ವ್ಯಕ್ತಿಯ ಮೇಲೆ ದೂರು ಕೊಡಬಹುದಾ?

ವಾರ್ಡ್ ರೌಂಡ್ಸ್:
ನಿಮ್ಮ ನೋಂದಣಿ ಸಂಖ್ಯೆ ಎಷ್ಟು, ಯಾವ ಸಂಸ್ಥೆಯದು ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ನನ್ನನ್ನು ಯಾರಾದರೂ ಹಾಗೆ ಕೇಳಿದರೆ ನನಗೆ ಖುಷಿಯೇ ಆಗುತ್ತದೆ. ಸಂಖ್ಯೆ ಕೊಟ್ಟರೆ ಆ ಸಂಸ್ಥೆಯ ಪಟ್ಟಿಯಲ್ಲಿ ನೀವೇ ನೋಡಿ, ಅವರು ಕಳಿಸಿದ ಸರ್ಟಿಫಿಕೇಟ್ ಫೋಟೋ ಮಾತ್ರ ನಂಬಬೇಡಿ. ಆಸ್ಪತ್ರೆಯಲ್ಲಿ ತರಬೇತಿ ಆಗಿದೆಯಾ ಅಂತಲೂ ಕೇಳಿ. ನನ್ನ ಪ್ರಕಾರ ಅದೇ ದೊಡ್ಡ ವ್ಯತ್ಯಾಸ. ಡಾಕ್ಟರ್ ಜೊತೆ ಮಾತಾಡಲು ಹಿಂದೇಟು ಹಾಕುವವರಿಂದ ದೂರ ಇರಿ. ಚಾರ್ಟ್ ಬರೆಯುವವರೇ ಪುಡಿಯನ್ನೂ ಮಾರಿದರೆ, ಅದು ರೋಗಿಗೆ ಬೇಕೋ ಅವರ ವ್ಯಾಪಾರಕ್ಕೆ ಬೇಕೋ ಅಂತ ನಿಮಗೆ ತಿಳಿಯುವುದೇ ಇಲ್ಲ. ಆ ಲಾಭವನ್ನು ಮುಚ್ಚಿಡುವುದು ವೃತ್ತಿಗೆ ಒಪ್ಪುವ ಕೆಲಸವಲ್ಲ.

ದೂರಿನ ವಿಷಯ. ನೋಂದಣಿ ಇದ್ದವರಾದರೆ ಅವರ ಸಂಸ್ಥೆಗೇ ಬರೆಯಬಹುದು. ವಿಚಾರಣೆ ಮಾಡಿ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಅದಕ್ಕಿರುತ್ತದೆ. ನೋಂದಣಿಯೇ ಇಲ್ಲದವರ ಹೆಸರನ್ನು ತೆಗೆಯುವುದಾದರೂ ಎಲ್ಲಿಂದ? ನೀವು ಭಾರತದಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತು, ಸೇವೆಯ ಕೊರತೆ ಎರಡಕ್ಕೂ ದೂರು ಕೊಡಬಹುದು. ಅದೂ ನೀವಿರುವ ಜಿಲ್ಲೆಯಲ್ಲೇ. ಅವರು ಕಳಿಸಿದ ಚಾರ್ಟ್, ಮೆಸೇಜ್, ಹಣ ಕಟ್ಟಿದ ರಸೀದಿ, ಡಯಟಿಶಿಯನ್ ಅಂತ ಬರೆದುಕೊಂಡಿರುವ ಪೇಜಿನ ಸ್ಕ್ರೀನ್‌ಶಾಟ್ ಎಲ್ಲವನ್ನೂ ತೆಗೆದಿಡಿ. ಉಪ್ಪು ನಿಲ್ಲಿಸಿ ಅಂದ ಡಾಕ್ಟರ್ ಹತ್ತಿರ ಅದನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಕ್ರೀನ್‌ಶಾಟ್ ಮೊದಲು, ಅವರ ಜೊತೆ ಮಾತು ಆಮೇಲೆ. ದೂರಿನ ಸುದ್ದಿ ಸಿಕ್ಕಿದರೆ ಪೇಜ್ ಅಳಿಸಿಬಿಡುತ್ತಾರೆ.